ಬಾಣದಂತೆ ಹೊರಟ ಹಕ್ಕಿಗಳು: ಯುದ್ಧಕಾಲದ ಒಂದು ಮರದಚ್ಚಿನ ಪ್ರಕರಣ

ಮೊದಲು ಚಿತ್ರವನ್ನೇ ನೋಡೋಣ. ಉದ್ದನೆಯ ಹಳದಿ ಹಾಳೆ. ಅದರ ಮೇಲ್ಭಾಗದಲ್ಲಿ ಒಂದು ಹಿಂಡು ಹಕ್ಕಿ. ಹಕ್ಕಿ ಅಂತ ಹೇಳಿಬಿಟ್ಟೆ, ಆದರೆ ಗರಿಗಳನ್ನು ಒಂದೊಂದಾಗಿ ಬಿಡಿಸಿಲ್ಲ. ದುಂಡಗಿನ ಮೈಯೂ ಇಲ್ಲ. ಇರುವುದು ಕಪ್ಪು ಬಿಳುಪಿನ ಚೂಪು ತುಂಡುಗಳು ಮಾತ್ರ. ಒಂದರ ರೆಕ್ಕೆ ಇನ್ನೊಂದರ ಮೈಯೊಳಗೆ ಸೇರಿಕೊಂಡಿದೆ. ಎಷ್ಟು ಹಕ್ಕಿ ಅಂತ ಎಣಿಸಲು ಕೂತರೆ ಲೆಕ್ಕ ತಪ್ಪುತ್ತದೆ. ಎಲ್ಲವೂ ಸೇರಿ ಒಂದೇ ಬಾಣವಾಗಿ ಹೊರಟಿವೆ. ಅವುಗಳ ಕೆಳಗೆ ಹಾಳೆ ಖಾಲಿ. ತೀರಾ ತಳದಲ್ಲಿ ಅಕ್ಷರಗಳು: ‘ಯಶಸ್ಸಿನತ್ತ ಹಾರಾಟ! ಡೈಲಿ ಹೆರಾಲ್ಡ್, ಬೆಳಗಿನ ಮೊದಲ ಹಕ್ಕಿ’ ಎಂಬ ಅರ್ಥದ ಇಂಗ್ಲಿಷ್ ಸಾಲು.

ಇದು 1919ರಲ್ಲಿ ಡೈಲಿ ಹೆರಾಲ್ಡ್ ಎಂಬ ಲಂಡನ್ನಿನ ಪತ್ರಿಕೆಗಾಗಿ ಅಚ್ಚಾದ ಪೋಸ್ಟರ್. ಎತ್ತರ ಸುಮಾರು 3 ಮೀಟರ್, ಅಗಲ ಸುಮಾರು ಒಂದೂವರೆ ಮೀಟರ್. ಆದರೆ ಚಿತ್ರ ಹುಟ್ಟಿದ್ದು ಪತ್ರಿಕೆಗಾಗಿ ಅಲ್ಲ. ಎರಡು ವರ್ಷ ಮೊದಲು, ಮೊದಲ ಮಹಾಯುದ್ಧ ಜೋರಾಗಿ ನಡೆಯುತ್ತಿದ್ದಾಗ, ಅದು ಒಂದು ಚಿಕ್ಕ ಮರದಚ್ಚಿನ ಚಿತ್ರವಾಗಿತ್ತು. ಹೆಸರು ‘ಫ್ಲೈಟ್’. 1917ರ ಜನವರಿಯಲ್ಲಿ ‘ಕಲರ್’ ಎಂಬ ಕಲಾ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಕೆತ್ತಿದವರು ಎಡ್ವರ್ಡ್ ಮೆಕ್‌ನೈಟ್ ಕೌಫರ್. ಆಗ ಅವರಿಗೆ 26 ವರ್ಷ.

ಈ ಒಂದು ಚಿತ್ರವನ್ನು ಪ್ರಕರಣವಾಗಿ ತೆಗೆದುಕೊಳ್ಳಲು ಕಾರಣವಿದೆ. ಅಮೂರ್ತ ಚಿತ್ರ, ಅಂದರೆ ಕಂಡದ್ದನ್ನು ಕಂಡ ಹಾಗೆ ಬಿಡಿಸದ ಚಿತ್ರ, ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ‘ನಮಗೆ ಅರ್ಥವಾಗಲ್ಲ ಬಿಡಿ’ ಅನ್ನುತ್ತಾರೆ. ಯುದ್ಧದ ಮಧ್ಯೆ ಇಂಥ ಚಿತ್ರ ಮಾಡಿದವರು ಯುದ್ಧಕ್ಕೆ ಬೆನ್ನು ಹಾಕಿ ಕೂತವರು ಅನ್ನುವ ಮಾತೂ ಇದೆ. ‘ಫ್ಲೈಟ್’ ಆ ಮಾತನ್ನು ಒಪ್ಪಲು ಬಿಡುವುದಿಲ್ಲ. ಅದರಲ್ಲಿ ಒಂದೇ ಒಂದು ವಿಮಾನವಿಲ್ಲ, ಸೈನಿಕನಿಲ್ಲ, ಬಾಂಬಿಲ್ಲ. ಆದರೂ ಆ ವರ್ಷಗಳ ಲಂಡನ್ ಆಕಾಶ ಅದರಲ್ಲಿದೆ ಎಂದು ನಾನು ನಂಬುತ್ತೇನೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಕೆತ್ತಿದವರು

ಕೌಫರ್ ಇಂಗ್ಲಿಷರಲ್ಲ. 1890ರಲ್ಲಿ ಅಮೆರಿಕದ ಮೊಂಟಾನಾದ ಗ್ರೇಟ್ ಫಾಲ್ಸ್ ಎಂಬ ಊರಿನಲ್ಲಿ ಹುಟ್ಟಿದವರು. ಬೆಳೆದದ್ದು ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೇ. ಸ್ಯಾನ್ ಫ್ರಾನ್ಸಿಸ್ಕೋದ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಜೋಸೆಫ್ ಮೆಕ್‌ನೈಟ್ ಎಂಬ ಪ್ರಾಧ್ಯಾಪಕರ ಕಣ್ಣಿಗೆ ಬಿದ್ದರು. ಹುಡುಗನ ಕೈ ಚೆನ್ನಾಗಿದೆ ಅಂತ ಕಂಡ ಅವರು ಪ್ಯಾರಿಸ್‌ನಲ್ಲಿ ಓದಲು ಹಣ ಕೊಟ್ಟರು. ಆ ಋಣಕ್ಕೆ ಕೌಫರ್ ತಮ್ಮ ಹೆಸರಿನ ನಡುವೆ ಮೆಕ್‌ನೈಟ್ ಎಂದು ಸೇರಿಸಿಕೊಂಡರು, ಕೊನೆಯವರೆಗೂ ಬಿಡಲಿಲ್ಲ. ನಮ್ಮಲ್ಲಿ ಓದಿಸಿದವರ ಹೆಸರನ್ನು ಮಗುವಿಗೆ ಇಡುತ್ತಾರೆ. ಇವರು ತಮಗೇ ಇಟ್ಟುಕೊಂಡರು.

ಯುರೋಪಿಗೆ ಹೋಗುವ ದಾರಿಯಲ್ಲಿ, 1913ರಲ್ಲಿ, ಶಿಕಾಗೋದಲ್ಲಿ ಆರ್ಮರಿ ಪ್ರದರ್ಶನ ನೋಡಿದರು. ಯುರೋಪಿನ ಹೊಸ ಚಿತ್ರಕಲೆಯನ್ನು ಅಮೆರಿಕದ ಜನ ದೊಡ್ಡ ಮಟ್ಟದಲ್ಲಿ ಮೊದಲು ಕಂಡದ್ದು ಆ ಪ್ರದರ್ಶನದಲ್ಲೇ. ಆಮೇಲೆ ಪ್ಯಾರಿಸ್. ಮಾರನೇ ವರ್ಷ ಯುದ್ಧ ಶುರುವಾಯಿತು. ಪ್ಯಾರಿಸ್ ಬಿಟ್ಟು ಇಂಗ್ಲೆಂಡಿಗೆ ಬಂದರು. ಕೈಯಲ್ಲಿ ಕಾಸಿಲ್ಲ, ಪರಿಚಯವಿಲ್ಲ. ಜಾನ್ ಹ್ಯಾಸಲ್ ಎಂಬ ಹಿರಿಯ ಪೋಸ್ಟರ್ ಕಲಾವಿದರು ಫ್ರಾಂಕ್ ಪಿಕ್ ಅವರ ಬಳಿ ಕಳಿಸಿದರು. ಪಿಕ್ ಅಂದರೆ ಲಂಡನ್ನಿನ ನೆಲದಡಿ ರೈಲಿನ ಪ್ರಚಾರ ನೋಡಿಕೊಳ್ಳುತ್ತಿದ್ದವರು. ಒಳ್ಳೆಯ ಚಿತ್ರವನ್ನು ಸ್ಟೇಷನ್ನಿನ ಗೋಡೆಗೆ ತಂದವರು. 1915ರಲ್ಲಿ ಕೌಫರ್ ಅವರ ಮೊದಲ ಪೋಸ್ಟರ್‌ಗಳು ಆ ಗೋಡೆಗಳ ಮೇಲೆ ಬಂದವು. ರೈಗೇಟ್, ವಾಟ್‌ಫರ್ಡ್, ನಾರ್ತ್ ಡೌನ್ಸ್ ಹೀಗೆ ಊರ ಹೊರಗಿನ ಹಸಿರು ಜಾಗಗಳು. ಮರ, ಗುಡ್ಡ, ದಾರಿ. ಎಲ್ಲ ನೆಲದ ಮೇಲಿನವು.

ಈ ವರ್ಷವನ್ನು ನೆನಪಿಡಿ. ಅದೇ 1915ರಲ್ಲಿ ಅದೇ ದೇಶದ ಗೋಡೆಗಳ ಮೇಲೆ ಇನ್ನೊಂದು ಪೋಸ್ಟರ್ ಬಂತು. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಅದೇ.

ಕರಿ ಆಕಾರಗಳ ಪಾಠ

‘ಸಾರ್ವಜನಿಕ ಎಚ್ಚರಿಕೆ’ ಎಂಬ ತಲೆಬರಹದ ಸರ್ಕಾರಿ ಹಾಳೆ ಅದು. ಸಾಲು ಸಾಲಾಗಿ ಕರಿ ಆಕಾರಗಳು. ಒಂದು ಕಡೆ ಜರ್ಮನ್ ವಾಯುನೌಕೆ (ಅನಿಲ ತುಂಬಿ ತೇಲಿಸುವ ದೊಡ್ಡ ಬಲೂನು ಹಡಗು) ಮತ್ತು ವಿಮಾನಗಳು, ಇನ್ನೊಂದು ಕಡೆ ಬ್ರಿಟಿಷರವು. ಒಳಗಿನ ವಿವರ ಏನೂ ಇಲ್ಲ, ನೆರಳಿನ ಹಾಗೆ ಬರೀ ಹೊರರೇಖೆ. ಇವುಗಳನ್ನು ಚೆನ್ನಾಗಿ ನೋಡಿ ಗುರುತು ಇಟ್ಟುಕೊಳ್ಳಿ, ನಮ್ಮವರ ವಿಮಾನ ಬಂದರೆ ಹೆದರಬೇಡಿ, ಶತ್ರುವಿನದ್ದು ಬಂದರೆ ಮರೆಗೆ ಹೋಗಿ ಅಂತ ಅದರ ಸೂಚನೆ.

ಇದು ಎಂಥ ಪಾಠ ಅಂತ ಸ್ವಲ್ಪ ಯೋಚಿಸಿ. ಹತ್ತು ವರ್ಷದ ಹಿಂದೆ ಆ ಊರಿನ ಜನ ತಲೆ ಎತ್ತಿ ನೋಡಿದರೆ ಮೋಡ ಕಾಣುತ್ತಿತ್ತು, ಹಕ್ಕಿ ಕಾಣುತ್ತಿತ್ತು. ಈಗ ಒಂದು ಇಡೀ ದೇಶಕ್ಕೆ ಕರಿ ಆಕಾರ ಓದಲು ಕಲಿಸುತ್ತಿದ್ದಾರೆ. ಎತ್ತರದಲ್ಲಿ ಹೋಗುವ ವಿಮಾನದ ಬಣ್ಣ ಕಾಣುವುದಿಲ್ಲ. ಬೆಳಕಿನ ಎದುರು ಅದು ಕಪ್ಪು ತುಂಡು ಅಷ್ಟೇ. ರೆಕ್ಕೆಯ ತುದಿ ಹೇಗಿದೆ, ಬಾಲ ಹೇಗಿದೆ, ಇಷ್ಟರಲ್ಲೇ ಗೊತ್ತು ಹಿಡಿಯಬೇಕು. ಅಕ್ಷರ ಬಾರದವರಿಗೂ ಆ ಓದು ಬೇಕಿತ್ತು. ಚಿತ್ರಶಾಲೆಗೆ ಕಾಲಿಡದ ಜನಕ್ಕೆ ಯುದ್ಧವೇ ಅಮೂರ್ತ ಆಕಾರ ಓದುವುದನ್ನು ಕಲಿಸಿತು.

ಆ ಹಾಳೆಯಲ್ಲಿದ್ದ ಜರ್ಮನ್ ವಿಮಾನಗಳಲ್ಲಿ ಒಂದರ ಹೆಸರು ‘ಟೌಬೆ’. ಜರ್ಮನ್ ಭಾಷೆಯಲ್ಲಿ ಹಾಗಂದರೆ ಪಾರಿವಾಳ. ಆಸ್ಟ್ರಿಯಾದ ಇಗೋ ಎಟ್ರಿಕ್ ರೂಪಿಸಿದ ವಿಮಾನ, 1910ರ ಹೊತ್ತಿಗೆ ಹಾರಿತ್ತು. ಅದರ ರೆಕ್ಕೆಯ ತುದಿಗಳು ಹಿಂದಕ್ಕೆ ಬಾಗಿ, ಬಾಲ ಬೀಸಣಿಗೆಯ ಹಾಗೆ ಹರಡಿ, ದೂರದಿಂದ ನೋಡಿದರೆ ಥೇಟ್ ಹಕ್ಕಿ. ಎಟ್ರಿಕ್ ಆ ರೆಕ್ಕೆಯ ಆಕಾರ ತೆಗೆದುಕೊಂಡದ್ದು ಹಕ್ಕಿಯಿಂದಲ್ಲ, ಜಾವಾ ಕಡೆಯ ಕಾಡುಬಳ್ಳಿಯ ಬೀಜದಿಂದ. ಕಾಗದದಷ್ಟು ತೆಳುವಾದ ರೆಕ್ಕೆ ಇರುವ ಆ ಬೀಜ ಬಳ್ಳಿಯಿಂದ ಬಿಟ್ಟರೆ ತೇಲಿಕೊಂಡು ದೂರ ಹೋಗುತ್ತದೆ. ಬೀಜದಿಂದ ಬಂದ ಆಕಾರಕ್ಕೆ ಪಾರಿವಾಳದ ಹೆಸರು. 1914ರ ಆಗಸ್ಟ್ ಕೊನೆಯಲ್ಲಿ ಪ್ಯಾರಿಸ್ ಮೇಲೆ ಬಾಂಬ್ ಹಾಕಿದ್ದು ಈ ಪಾರಿವಾಳವೇ.

ಹಾಗಾಗಿ ಆ ಕಾಲದ ಕಣ್ಣಿಗೆ ಹಕ್ಕಿ ಮತ್ತು ವಿಮಾನದ ನಡುವಿನ ಗೆರೆ ತೆಳ್ಳಗಿತ್ತು. ಆಕಾಶದಲ್ಲಿ ಒಂದು ಕರಿ ಚುಕ್ಕೆ ಕಂಡರೆ ಮೊದಲು ಬರುವ ಪ್ರಶ್ನೆ ‘ಅದು ಏನು’ ಎಂಬುದು. ಉತ್ತರ ಸಿಗುವವರೆಗೆ ಎದೆ ಒಂದು ಕ್ಷಣ ನಿಲ್ಲುತ್ತದೆ. ‘ಫ್ಲೈಟ್’ ನೋಡುವಾಗ ಆಗುವುದೂ ಅದೇ.

ಮೂರು ತೊಡಕು

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕೌಫರ್ ತಾವು ವಿಮಾನ ನೋಡಿ ಈ ಚಿತ್ರ ಮಾಡಿದೆ ಎನ್ನಲಿಲ್ಲ. ವರ್ಷಗಳ ನಂತರ ಬರೆದ ಒಂದು ಪತ್ರದಲ್ಲಿ ಅವರು ಹೇಳಿದ್ದು ಬೇರೆ. ಇದು ಕೋಣೆಯಲ್ಲಿ ಕೂತು ಹುಟ್ಟಿಸಿದ್ದಲ್ಲ, ಹಾರುವ ಹಕ್ಕಿಗಳನ್ನು ಬಹಳ ಹೊತ್ತು ನೋಡಿ ನೋಡಿ ಬಂದದ್ದು ಎಂದರು. ತಮ್ಮ ಮುಂದಿದ್ದ ತೊಡಕು ಮೂರು ಎಂದು ಬಿಡಿಸಿಟ್ಟರು. ಹಕ್ಕಿ ಅಂತ ಗೊತ್ತಾಗಬೇಕು. ಚಲನೆ ಕಾಣಬೇಕು. ಇಡೀ ಹಿಂಡು ಒಂದು ಕಟ್ಟಿನೊಳಗೆ ಕೂರಬೇಕು. ಬಾಣದ ಮೊನೆಯ ಆ ನೂಕೇ ಇಡೀ ಚಿತ್ರದ ಎಳೆ ಎಂದೂ ಹೇಳಿದರು.

ಈ ಮೂರನ್ನೂ ಇನ್ನೊಮ್ಮೆ ಓದಿ. ಗುರುತು, ಚಲನೆ, ಸಾಲುಕಟ್ಟು. 1915ರ ಆ ಸರ್ಕಾರಿ ಹಾಳೆಯನ್ನು ನೋಡಿದ ಯಾರಿಗಾದರೂ ಮೊದಲನೆಯದು ತಟ್ಟನೆ ತಾಗುತ್ತದೆ. ಮೂರನೆಯದಕ್ಕೂ ಒಂದು ಹಿನ್ನೆಲೆ ಇದೆ.

ಯುದ್ಧದ ಶುರುವಿನಲ್ಲಿ ವಿಮಾನಗಳು ಹೆಚ್ಚಾಗಿ ಒಂಟಿಯಾಗಿ ಹೋಗಿ ಬರುತ್ತಿದ್ದವು. ಶತ್ರುವಿನ ಸಾಲು ಎಲ್ಲಿದೆ ಅಂತ ನೋಡಿ ಬರುವುದೇ ಮುಖ್ಯ ಕೆಲಸ. 1915ರ ಕೊನೆಯಲ್ಲಿ ಜರ್ಮನ್ನರ ಫೋಕರ್ ವಿಮಾನಗಳು ಈ ಒಂಟಿ ಹಾರಾಟಗಾರರನ್ನು ಹೊಡೆದು ಬೀಳಿಸತೊಡಗಿದವು. ಅದಕ್ಕೆ ಬ್ರಿಟಿಷ್ ವಾಯುದಳ 1916ರ ಜನವರಿಯಲ್ಲಿ ಒಂದು ಆಜ್ಞೆ ಹೊರಡಿಸಿತು. ಇನ್ನು ಮೇಲೆ ಶತ್ರುವಿನ ನೆಲೆ ನೋಡಲು ಹೋಗುವ ವಿಮಾನದ ಜೊತೆ ಕನಿಷ್ಠ ಮೂರು ಕಾದಾಟದ ವಿಮಾನ ಇರಬೇಕು, ಅವು ಒಂದಕ್ಕೊಂದು ಹತ್ತಿರವಾಗಿ ಸಾಲುಕಟ್ಟಿ ಹಾರಬೇಕು. ಮನುಷ್ಯ ಹಿಂಡಾಗಿ ಹಾರಲು ಕಲಿತದ್ದು ಹೀಗೆ. ಹಕ್ಕಿಗಳಿಗೆ ಅದು ದೂರ ಹೋಗುವ ಉಪಾಯ. ಇವರಿಗೆ ಅದು ಸಾಯದೆ ಉಳಿಯುವ ಉಪಾಯ.

‘ಫ್ಲೈಟ್’ ಪ್ರಕಟವಾದದ್ದು ಆ ಆಜ್ಞೆಯಾದ ಸರಿಯಾಗಿ ಒಂದು ವರ್ಷಕ್ಕೆ. ಒಂದರಿಂದ ಇನ್ನೊಂದು ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಕೌಫರ್ ಹಕ್ಕಿ ನೋಡಿದರು, ಅದು ಅವರ ಮಾತು, ಅದನ್ನು ನಂಬೋಣ. ಆದರೆ 1916ರಲ್ಲಿ ಇಂಗ್ಲೆಂಡಿನಲ್ಲಿ ತಲೆ ಎತ್ತಿ ಹಕ್ಕಿ ನೋಡುವುದು 1906ರಲ್ಲಿ ನೋಡಿದ ಹಾಗಲ್ಲ. ಕಣ್ಣು ಅದೇ, ಆಕಾಶ ಬೇರೆ. ಹಿಂಡು ಅಂದರೆ ಈಗ ಬರೀ ಹಿಂಡಲ್ಲ. ನಾವು ಗದ್ದೆಯ ಬದಿಯಲ್ಲಿ ಸಂಜೆ ಬೆಳ್ಳಕ್ಕಿ ಸಾಲು ನೋಡಿದರೆ ಮನಸ್ಸು ಹಗುರವಾಗುತ್ತದೆ ಅಲ್ವಾ? ಅದೇ ಸಾಲನ್ನು, ಹಿಂದಿನ ವಾರ ಮೇಲಿನಿಂದ ಬಾಂಬ್ ಬಿದ್ದ ಊರಿನಲ್ಲಿ ನಿಂತು ನೋಡಿದರೆ?

ಕೆತ್ತನೆಯ ಬಗೆಯೂ ಇದಕ್ಕೆ ತಕ್ಕ ಹಾಗಿದೆ. ಮರದಚ್ಚಿನಲ್ಲಿ ಬಿಳಿ ಬೇಕಾದಲ್ಲಿ ಉಳಿಯಿಂದ ಮರ ತೆಗೆಯಬೇಕು. ತೆಗೆಯದೆ ಬಿಟ್ಟ ಮೇಲ್ಮೈ ಮಸಿ ಹಿಡಿಯುತ್ತದೆ, ಹಾಳೆಗೆ ಕಪ್ಪಾಗಿ ಬರುತ್ತದೆ. ನಡುವೆ ಬೂದು ಎಂಬುದು ಸುಲಭವಾಗಿ ಸಿಗುವುದಿಲ್ಲ. ಕುಂಚದ ಹಾಗೆ ತೀಡಿ ಮೃದು ಮಾಡಲು ಬರುವುದಿಲ್ಲ. ಒಮ್ಮೆ ತೆಗೆದ ಮರ ಮತ್ತೆ ಅಂಟುವುದಿಲ್ಲ. ಆದ್ದರಿಂದ ಪ್ರತಿ ರೆಕ್ಕೆಗೂ ಒಂದು ತೀರ್ಮಾನ ಬೇಕು: ಇದು ಇದೆ ಅಥವಾ ಇಲ್ಲ. ಕೌಫರ್ ಇದನ್ನು ಚೆನ್ನಾಗಿ ಬಳಸಿಕೊಂಡರು. ಒಂದು ಹಕ್ಕಿಯ ಕಪ್ಪು ರೆಕ್ಕೆ ಪಕ್ಕದ ಹಕ್ಕಿಯ ಬಿಳಿ ರೆಕ್ಕೆಗೆ ಅಂಚಾಗುತ್ತದೆ. ನೋಡುವ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರುತ್ತಲೇ ಇರುತ್ತದೆ, ಎಲ್ಲೂ ಕೂರುವುದಿಲ್ಲ. ಅವರು ಕೇಳಿಕೊಂಡ ಎರಡನೇ ತೊಡಕು, ಚಲನೆ, ಬಿಡಿಸಿಕೊಂಡದ್ದು ಇಲ್ಲಿ. ಹಕ್ಕಿ ಹಾರುತ್ತಿಲ್ಲ. ನಮ್ಮ ಕಣ್ಣು ಹಾರುತ್ತಿದೆ.

ಈ ಚೂಪು ಕೋನಗಳ ಭಾಷೆ ಅವರೊಬ್ಬರದೇ ಅಲ್ಲ. 1914ರಲ್ಲಿ ವಿಂಡಮ್ ಲೂಯಿಸ್ ಮತ್ತು ಗೆಳೆಯರು ಲಂಡನ್ನಿನಲ್ಲಿ ವೋರ್ಟಿಸಿಸಂ ಎಂಬ ಪಂಥ ಶುರು ಮಾಡಿದ್ದರು. ಯಂತ್ರದ ಯುಗಕ್ಕೆ ಯಂತ್ರದಷ್ಟೇ ಗಟ್ಟಿಯಾದ ಗೆರೆ ಬೇಕು ಎಂಬುದು ಅವರ ಹಟ. ಯುದ್ಧ ಆ ಗುಂಪನ್ನೇ ತಿಂದಿತು. ಅವರಲ್ಲಿ ಒಬ್ಬರಾದ ಶಿಲ್ಪಿ ಗೋಡಿಯೆ-ಬ್ರೆಸ್ಕಾ 1915ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಸತ್ತರು, ವಯಸ್ಸು 23. ಕೌಫರ್ ಆ ಗುಂಪಿನ ಮೊದಲ ದಿನಗಳಲ್ಲಿ ಇದ್ದವರಲ್ಲ. ಲೂಯಿಸ್ ಜೊತೆ ಸೇರಿ ಪ್ರದರ್ಶನ ಮಾಡಿದ್ದು 1920ರಲ್ಲಿ. ಆದರೆ ಆ ಗೆರೆಯ ಗಡಸುತನ ‘ಫ್ಲೈಟ್’ನಲ್ಲಿ ಎದ್ದು ಕಾಣುತ್ತದೆ. ಗುಂಪು ಚದುರಿದ ಮೇಲೆ ಅದರ ಭಾಷೆ ಬೀದಿಗೆ ಬಂದದ್ದು ಇವರ ಮೂಲಕ ಎನ್ನಬಹುದು.

ಸರ್ಕಾರ ಮಾಡಿಸಿದ ಹಾರಾಟ

ಹೋಲಿಕೆಗೆ ಒಂದು ಬೇರೆ ಚಿತ್ರ ಇಟ್ಟುಕೊಂಡರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅದೇ 1917ರಲ್ಲಿ ಬ್ರಿಟಿಷ್ ಸರ್ಕಾರ 18 ಕಲಾವಿದರಿಂದ 66 ಕಲ್ಲಚ್ಚಿನ ಚಿತ್ರ ಮಾಡಿಸಿತು. ಯುದ್ಧದಲ್ಲಿ ದೇಶ ಏನೇನು ಮಾಡುತ್ತಿದೆ ಅಂತ ತೋರಿಸುವುದು ಉದ್ದೇಶ. ಅದರಲ್ಲಿ ವಿಮಾನ ಕಟ್ಟುವ ಆರು ಚಿತ್ರಗಳನ್ನು ಸಿ. ಆರ್. ಡಬ್ಲ್ಯು. ನೆವಿನ್ಸನ್ ಅವರಿಗೆ ಕೊಟ್ಟರು. ನೆವಿನ್ಸನ್ ಯುದ್ಧದ ಮೊದಲ ತಿಂಗಳುಗಳಲ್ಲಿ ಫ್ರಾನ್ಸಿನ ಡನ್‌ಕರ್ಕ್‌ನಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದವರು. ಕಾರ್ಖಾನೆಯಲ್ಲಿ ಬೆಸುಗೆ ಹಾಕುವುದರಿಂದ ಹಿಡಿದು ಆಕಾಶದವರೆಗೆ ಅವರ ಚಿತ್ರಗಳು ಏರುತ್ತವೆ. ಒಂದರ ಹೆಸರು ‘4,000 ಅಡಿ ಎತ್ತರದಲ್ಲಿ ವಾಲಿ ತಿರುಗುವುದು’, ಇನ್ನೊಂದು ‘ಟೌಬೆಯ ಮೇಲೆ ಎರಗುವುದು’. ನೆಲ ಓರೆಯಾಗಿ ಎದ್ದು ನಿಲ್ಲುತ್ತದೆ, ಹೊಲಗಳು ತೇಪೆ ಹಾಕಿದ ಕೌದಿಯ ಹಾಗೆ ಕಾಣುತ್ತವೆ. ಬಹಳ ಒಳ್ಳೆಯ ಚಿತ್ರಗಳು.

ಆದರೆ ನೆವಿನ್ಸನ್ ನಮ್ಮನ್ನು ಮೇಲೆ ಕೂರಿಸುತ್ತಾರೆ. ನಾವು ಹಾರುವವರು, ನೆಲ ನಮ್ಮ ಕೆಳಗೆ. ಕೌಫರ್ ನಮ್ಮನ್ನು ನೆಲದ ಮೇಲೇ ಬಿಡುತ್ತಾರೆ. ತಲೆ ಎತ್ತಿ ನೋಡುವವರು ನಾವು. ಯುದ್ಧದಲ್ಲಿ ವಿಮಾನದೊಳಗೆ ಕೂತವರು ಸಾವಿರಾರು. ಕೆಳಗೆ ನಿಂತು ನೋಡಿದವರು ಲಕ್ಷಾಂತರ. ನನಗೆ ಕೌಫರ್ ಅವರ ಚಿತ್ರ ಜಾಸ್ತಿ ಹತ್ತಿರ ಅನಿಸುವುದು ಈ ಕಾರಣಕ್ಕೆ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಕೈ ಅಡ್ಡ ಹಿಡಿದು, ಕತ್ತು ನೋಯುವವರೆಗೆ ಮೇಲೆ ನೋಡಿದವರಿಗೆ ಈ ನಿಲುವು ಗೊತ್ತು. ಸದ್ದು ಆಮೇಲೆ ಬರುತ್ತದೆ. ಮೊದಲು ಬರುವುದು ಆಕಾರ.

ಜೂನ್ 13

ಚಿತ್ರ ಪ್ರಕಟವಾಗಿ ಐದು ತಿಂಗಳಾಗಿತ್ತು. 1917ರ ಜೂನ್ 13, ಬುಧವಾರ, ನಡುಹಗಲಿಗೆ ಸ್ವಲ್ಪ ಮುಂಚೆ. ಅಲ್ಲಿಯವರೆಗೆ ಲಂಡನ್ನಿನ ಭಯ ಎಂದರೆ ರಾತ್ರಿ ಬರುವ ಜೆಪ್ಪೆಲಿನ್ ವಾಯುನೌಕೆಗಳು. 1915ರ ಮೇ ಕೊನೆಯಿಂದ ಅವು ಬರುತ್ತಿದ್ದವು. ಈ ದಿನ ಬಂದದ್ದು ಬೇರೆ. ಬೆಲ್ಜಿಯಂನಿಂದ ಜರ್ಮನ್ನರ ಗೋಥಾ ಎಂಬ 20 ಬಾಂಬ್ ವಿಮಾನ ಹೊರಟಿದ್ದವು. ಕೆಲವು ದಾರಿಯಲ್ಲೇ ಹಿಂತಿರುಗಿದವು. ಉಳಿದವು ಹಗಲು ಹೊತ್ತಿನಲ್ಲಿ, ಸಾಲುಕಟ್ಟಿಕೊಂಡು, ಲಂಡನ್ ಮೇಲೆ ಬಂದವು.

ಜನ ಓಡಿ ಅಡಗಲಿಲ್ಲ. ಬೀದಿಗೆ ಬಂದು ನಿಂತರು. ಇಷ್ಟು ವಿಮಾನ ಒಟ್ಟಿಗೆ ಹಾರುವುದನ್ನು ಬಹಳ ಜನ ಅದೇ ಮೊದಲು ನೋಡಿದ್ದು. ನಮ್ಮವರದೇ ಇರಬೇಕು ಅಂದುಕೊಂಡರು. ಚಂದ ಕಂಡಿತು ಅಂತ ಹೇಳಿದವರೂ ಇದ್ದಾರೆ. ಗೋಡೆಯ ಮೇಲಿನ ಕರಿ ಆಕಾರದ ಪಾಠ ಆ ಹೊತ್ತಿಗೆ ಕೈಕೊಟ್ಟಿತು.

ಆ ದಿನ 162 ಜನ ಸತ್ತರು, 432 ಜನ ಗಾಯಗೊಂಡರು. ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣಕ್ಕೆ ಬಾಂಬ್ ಬಿತ್ತು. ಪೂರ್ವ ಲಂಡನ್ನಿನ ಪೊಪ್ಲರ್ ಎಂಬಲ್ಲಿ, ಅಪ್ಪರ್ ನಾರ್ತ್ ಸ್ಟ್ರೀಟ್ ಶಾಲೆಯ ಚಾವಣಿ ಸೀಳಿಕೊಂಡು ಒಂದು ಬಾಂಬ್ ಒಳಗೆ ಬಂತು. ಮೇಲಿನ ಮಹಡಿಗಳನ್ನು ದಾಟಿ ನೆಲಮಟ್ಟದ ಕೋಣೆಯಲ್ಲಿ ಸಿಡಿಯಿತು. ಅಲ್ಲಿದ್ದದ್ದು ಚಿಕ್ಕ ಮಕ್ಕಳ ತರಗತಿ. 18 ಮಕ್ಕಳು ಸತ್ತರು. ಹೆಚ್ಚಿನವರು ಐದರ ಆಸುಪಾಸಿನವರು.

ಆ ಬೇಸಿಗೆಯ ದಾಳಿಗಳೇ ಮುಂದೆ ಬ್ರಿಟನ್ನಿನ ಪ್ರತ್ಯೇಕ ವಾಯುಪಡೆಗೆ ಕಾರಣವಾದವು. ಭೂಸೇನೆಯದ್ದನ್ನೂ ನೌಕಾಸೇನೆಯದ್ದನ್ನೂ ಸೇರಿಸಿ 1918ರ ಏಪ್ರಿಲ್ 1ರಂದು ರಾಯಲ್ ಏರ್ ಫೋರ್ಸ್ ಹುಟ್ಟಿತು. ಅದು ಇತಿಹಾಸದ ದಾರಿ. ಈ ಪ್ರಕರಣಕ್ಕೆ ಬೇಕಾದದ್ದು ಇಷ್ಟು: 1917ರ ಜನವರಿಯಲ್ಲಿ ‘ಫ್ಲೈಟ್’ ನೋಡಿದವರು ಜೂನ್ ನಂತರ ಅದನ್ನು ಅದೇ ಕಣ್ಣಿನಿಂದ ನೋಡಿರಲಾರರು. ಚಿತ್ರದ ಒಂದು ಗೆರೆಯೂ ಬದಲಾಗಿಲ್ಲ. ಅದರ ಸುತ್ತ ಆಕಾಶ ಬದಲಾಯಿತು.

ಇಲ್ಲಿ ಅಮೂರ್ತತೆಯ ಬಲ ಗೊತ್ತಾಗುತ್ತದೆ. ಕೌಫರ್ ನಿಜವಾದ ಕಡಲಹಕ್ಕಿಯನ್ನು ಗರಿ ಗರಿಯಾಗಿ ಕೆತ್ತಿದ್ದರೆ ಆ ಚಿತ್ರ ಜೂನ್ 13ರ ಮುಂದೆ ಪೇಲವ ಅನಿಸುತ್ತಿತ್ತು. ನಿಜವಾದ ವಿಮಾನ ಕೆತ್ತಿದ್ದರೆ ಜೂನ್ 13ರ ನಂತರ ಯಾವ ಪತ್ರಿಕೆಯೂ ಅದನ್ನು ಗೋಡೆಗೆ ಅಂಟಿಸುತ್ತಿರಲಿಲ್ಲ. ಅವರು ಹೆಚ್ಚಿನದ್ದನ್ನೆಲ್ಲ ತೆಗೆದು ಬರೀ ನೂಕು, ಚೂಪು, ಕೂಟ ಇಷ್ಟನ್ನೇ ಉಳಿಸಿದರು. ಭಯವೂ ಅದರಲ್ಲಿ ಕೂರಬಲ್ಲದು, ಬಿಡುಗಡೆಯೂ ಕೂರಬಲ್ಲದು.

ಹಾಳೆ ಗೋಡೆಗೆ ಬಂತು

ಇನ್ನು ಪತ್ರಿಕೆಯ ಕತೆ. ಡೈಲಿ ಹೆರಾಲ್ಡ್ 1911ರಲ್ಲಿ ಲಂಡನ್ನಿನ ಮುದ್ರಣ ಕಾರ್ಮಿಕರ ಮುಷ್ಕರದ ಹಾಳೆಯಾಗಿ ಹುಟ್ಟಿ, 1912ರಲ್ಲಿ ಪೂರ್ಣ ದಿನಪತ್ರಿಕೆಯಾಯಿತು. ಸಂಪಾದಕರು ಜಾರ್ಜ್ ಲ್ಯಾನ್ಸ್‌ಬರಿ. ಯುದ್ಧವನ್ನು ವಿರೋಧಿಸಿದ ಪತ್ರಿಕೆ. ಯುದ್ಧ ಶುರುವಾದ ಮೇಲೆ ದಿನಪತ್ರಿಕೆಯಾಗಿ ನಡೆಸಲಾಗದೆ ವಾರಪತ್ರಿಕೆಯಾಗಿ ಉಸಿರು ಹಿಡಿದಿತ್ತು. ಯುದ್ಧ ಮುಗಿದ ಮೇಲೆ 1919ರ ಮಾರ್ಚ್ 31ರಂದು ಮತ್ತೆ ದಿನಪತ್ರಿಕೆಯಾಯಿತು. ಅದನ್ನು ಊರಿಗೆಲ್ಲ ಸಾರಬೇಕಿತ್ತು.

ಲ್ಯಾನ್ಸ್‌ಬರಿ ಪೂರ್ವ ಲಂಡನ್ನಿನವರು. ಬೋ ಮತ್ತು ಪೊಪ್ಲರ್ ಅವರ ಊರು, ಅವರ ಜನ. 1919ರಲ್ಲಿ ಪೊಪ್ಲರ್‌ನ ಮೇಯರ್ ಆದವರೂ ಅವರೇ. ನಮಗೆ ಆ ಕಡೆಯ ಒಂದು ಗುರುತು ಇದೆ. 1931ರಲ್ಲಿ ದುಂಡುಮೇಜಿನ ಸಭೆಗೆ ಹೋದ ಗಾಂಧೀಜಿ ದೊಡ್ಡ ಹೋಟೆಲುಗಳನ್ನು ಬಿಟ್ಟು ತಂಗಿದ್ದ ಕಿಂಗ್ಸ್‌ಲಿ ಹಾಲ್ ಇರುವುದು ಅದೇ ಬೋ ಪ್ರದೇಶದಲ್ಲಿ. ಬಡವರ, ಹಡಗುಕಟ್ಟೆಯ ಕೂಲಿಗಳ ಬೀದಿಗಳು ಅವು. ಬಾಂಬ್ ಬಿದ್ದ ಶಾಲೆಯೂ ಅಂಥ ಜನರ ಮಕ್ಕಳದ್ದೇ.

ಪೋಸ್ಟರಿಗೆ ಈ ಚಿತ್ರ ಆರಿಸಿದವರು ಪತ್ರಿಕೆಯ ಒಬ್ಬ ನಿರ್ದೇಶಕರಾದ ಫ್ರಾನ್ಸಿಸ್ ಮೆನೆಲ್. ಅವರೂ ಮುದ್ರಣದ ಮನುಷ್ಯ, ಪೆಲಿಕನ್ ಪ್ರೆಸ್ ನಡೆಸುತ್ತಿದ್ದರು. ಯುದ್ಧಕ್ಕೆ ಹೋಗಲಾರೆ ಎಂದು ನಿರಾಕರಿಸಿ, ಸೆರೆಯಲ್ಲಿ ಉಪವಾಸ ಕೂತು ಹೊರಬಂದವರು. ಇಂಥವರ ಕೈಗೆ ಯಾರಿಗಾಗಿಯೂ ಮಾಡದ ಒಂದು ಚಿತ್ರ ಸಿಕ್ಕಿತು. ಕೌಫರ್ ಅದನ್ನು ಪತ್ರಿಕೆಗಾಗಿ ಬಿಡಿಸಿರಲಿಲ್ಲ. ಪತ್ರಿಕೆಯೇ ಚಿತ್ರದ ಕಡೆಗೆ ನಡೆದು ಬಂತು.

ಇಲ್ಲಿ ಮೂರು ಬದಲಾವಣೆಯಾದವು. ಮೊದಲನೆಯದು ಅಳತೆ. ಕೈಯಲ್ಲಿ ಹಿಡಿದು ನೋಡುವ ಚಿತ್ರ ಮನುಷ್ಯನಿಗಿಂತ ಎತ್ತರವಾಯಿತು. ನಮ್ಮಲ್ಲಿ ಸಿನಿಮಾ ಪೋಸ್ಟರ್ ಅಂಟಿಸುವವರು ಮೈದಾ ಗೋಂದು ಬಳಿದು ಗೋಡೆ ತುಂಬುತ್ತಾರಲ್ಲ, ಆ ಗಾತ್ರ. ಈಗ ಚಿತ್ರ ನೋಡಲು ನಿಜವಾಗಿಯೂ ತಲೆ ಎತ್ತಬೇಕು. ಎರಡನೆಯದು ಬಣ್ಣ. ಹಕ್ಕಿಗಳ ಹಿಂದೆ ಹಳದಿ ಬಂತು. ಯುದ್ಧಕಾಲದ ಹೊಗೆಯ, ಮಂಜಿನ, ಕತ್ತಲು ಮಾಡಿದ ಬೀದಿಗಳ ಊರಿನಲ್ಲಿ ಒಂದು ಗೋಡೆ ಪೂರ್ತಿ ಬೆಳಗಿನ ಬಿಸಿಲು. ಮೂರನೆಯದು ಖಾಲಿ ಜಾಗ. ಹಕ್ಕಿ ಮೇಲೆ, ಅಕ್ಷರ ಕೆಳಗೆ, ನಡುವೆ ಏನೂ ಇಲ್ಲ.

ನನ್ನ ಲೆಕ್ಕದಲ್ಲಿ ಇಡೀ ಪೋಸ್ಟರಿನ ಧೈರ್ಯ ಆ ಏನೂ ಇಲ್ಲದ ಜಾಗದಲ್ಲಿದೆ. ಗೋಡೆಯ ಜಾಗಕ್ಕೆ ಹಣ ಕೊಡಬೇಕು. ಹಣ ಕೊಟ್ಟವರು ಅಂಗುಲ ಅಂಗುಲವನ್ನೂ ಅಕ್ಷರದಿಂದ ತುಂಬಲು ನೋಡುತ್ತಾರೆ. ಇವತ್ತಿಗೂ ಹಾಗೇ. ಇಲ್ಲಿ ಬಡ ಪತ್ರಿಕೆಯೊಂದು ಹಾಳೆಯ ದೊಡ್ಡ ಪಾಲನ್ನು ಸುಮ್ನೆ ಬಿಟ್ಟಿತು. ಆದರೆ ಆ ಖಾಲಿ ಇಲ್ಲದಿದ್ದರೆ ಹಕ್ಕಿಗಳು ಎತ್ತರದಲ್ಲಿವೆ ಎಂದು ಗೊತ್ತಾಗುವುದಾದರೂ ಹೇಗೆ? ಅದು ಜಾಗವಲ್ಲ, ಎತ್ತರ.

ಬೇಕಾದರೆ ಪೋಸ್ಟರಿನ ಚಿತ್ರ ತೆರೆದು, ಕೆಳಗಿನ ಅಕ್ಷರಗಳ ಮೇಲೆ ಕೈ ಇಟ್ಟು ನೋಡಿ. ನಾನು ಹಾಗೆ ಮಾಡಿದೆ. ಅಕ್ಷರ ಮುಚ್ಚಿದರೆ ಹಿಂಡು ಮತ್ತೆ ಅನುಮಾನಕ್ಕೆ ಬೀಳುತ್ತದೆ. ಬರುತ್ತಿವೆಯೋ, ಹೋಗುತ್ತಿವೆಯೋ? ನಮ್ಮವೋ, ಅವರವೋ? ಕೈ ತೆಗೆದ ಕೂಡಲೇ ‘ಮೊದಲ ಹಕ್ಕಿ’ ಎಂಬ ಮಾತು ಬಂದು ಅವು ಹಕ್ಕಿಗಳಾಗುತ್ತವೆ, ಬೆಳಗಾಗುತ್ತದೆ. ಒಂದು ಚಿಕ್ಕ ಸಾಲು ಅಷ್ಟು ದೊಡ್ಡ ಆಕಾಶವನ್ನು ತಿರುಗಿಸಿಬಿಡುತ್ತದೆ.

ಇದರಲ್ಲಿ ಒಂದು ನಷ್ಟವೂ ಆಯಿತು ಎಂದು ಹೇಳದಿದ್ದರೆ ತಪ್ಪಾಗುತ್ತದೆ. ಮರದಚ್ಚಿನಲ್ಲಿದ್ದ ಅನುಮಾನ ಪೋಸ್ಟರಿನಲ್ಲಿ ಉಳಿಯಲಿಲ್ಲ. ಚಿತ್ರಕ್ಕೆ ಒಂದೇ ಅರ್ಥ ಕಟ್ಟಿದ ಹಾಗಾಯಿತು. ಆದರೆ ನಾಲ್ಕು ವರ್ಷ ಆಕಾಶಕ್ಕೆ ಹೆದರಿದ ಊರಿಗೆ ಯಾರೋ ಒಬ್ಬರು ‘ನೋಡಿ, ಇವು ಬರೀ ಹಕ್ಕಿ’ ಎಂದು ಹೇಳಬೇಕಿತ್ತು. ಯುದ್ಧಕ್ಕೆ ಹೋಗಲಾರೆ ಎಂದವರೇ ಅದನ್ನು ಹೇಳಿದರು. ಆ ನಷ್ಟ ನನಗೆ ಒಪ್ಪಿಗೆ.

ಮುಂದೆ ನಡೆದದ್ದು

ಕೌಫರ್ 1921ರ ಹೊತ್ತಿಗೆ ವರ್ಣಚಿತ್ರ ಬಿಟ್ಟು ಪೂರ್ತಿಯಾಗಿ ಪೋಸ್ಟರಿನ ಕಡೆ ಬಂದರು. ಲಂಡನ್ ಸಾರಿಗೆಗೆ ನೂರಕ್ಕೂ ಹೆಚ್ಚು ಪೋಸ್ಟರ್ ಮಾಡಿದರು. 1937ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಪೋಸ್ಟರ್‌ಗಳ ಪ್ರದರ್ಶನ ಮಾಡಿತು. ಡೈಲಿ ಹೆರಾಲ್ಡ್ ಪೋಸ್ಟರಿನ ಒಂದು ಪ್ರತಿ ಇವತ್ತು ಅಲ್ಲಿ ಇದೆ. ಪತ್ರಿಕೆ ಮಾತ್ರ ಉಳಿಯಲಿಲ್ಲ. 1964ರಲ್ಲಿ ಅದರ ಹೆಸರು ಬದಲಾಗಿ ‘ದಿ ಸನ್’ ಆಯಿತು.

ಎರಡನೇ ಮಹಾಯುದ್ಧ ಬಂದಾಗ ಆಕಾಶ ಮತ್ತೆ ಕಪ್ಪಾಯಿತು. 1940ರ ಬೇಸಿಗೆಯಲ್ಲಿ, ಲಂಡನ್ ಮೇಲೆ ದೊಡ್ಡ ದಾಳಿಗಳು ಶುರುವಾಗುವ ಮುಂಚೆ, ಕೌಫರ್ ಇಂಗ್ಲೆಂಡ್ ಬಿಟ್ಟು ನ್ಯೂಯಾರ್ಕಿಗೆ ಹೋದರು. ಇಪ್ಪತ್ತೈದು ವರ್ಷ ತಮ್ಮದೆಂದುಕೊಂಡಿದ್ದ ದೇಶ ಅದು. ಅಮೆರಿಕದಲ್ಲಿ ಹುಟ್ಟಿದರೂ ಅಲ್ಲಿ ಅವರಿಗೆ ನೆಲೆ ಸಿಗುವುದು ಕಷ್ಟವಾಯಿತು. ಕೊನೆಯ ವರ್ಷಗಳಲ್ಲಿ ಅವರ ದೊಡ್ಡ ಆಸರೆಯಾದದ್ದು ಒಂದು ವಿಮಾನ ಕಂಪನಿಯ ಪೋಸ್ಟರ್‌ಗಳು, ಅಮೆರಿಕನ್ ಏರ್‌ಲೈನ್ಸ್. 1954ರಲ್ಲಿ ತೀರಿಕೊಂಡರು.

ನಾನು ಮತ್ತೆ 1919ಕ್ಕೇ ಹೋಗುತ್ತೇನೆ. ಮಾರ್ಚ್ ಕೊನೆಯಲ್ಲಿ ಪತ್ರಿಕೆ ಮತ್ತೆ ಹೊರಬಂತು. ಅದಾಗಿ ಮೂರು ತಿಂಗಳೂ ಆಗಿರಲಿಲ್ಲ. ಜೂನ್ 23ರಂದು ಪೊಪ್ಲರ್‌ನ ಉದ್ಯಾನದಲ್ಲಿ ಜನ ಸೇರಿದರು. ಶಾಲೆಯಲ್ಲಿ ಸತ್ತ ಮಕ್ಕಳ ಸ್ಮಾರಕದ ಪರದೆ ಸರಿಸಿದರು. ಬಿಳಿ ಕಲ್ಲಿನ ಕಂಬ. ಅದರ ಮೇಲೆ 18 ಹೆಸರು. ತುದಿಯಲ್ಲಿ ಒಬ್ಬ ದೇವದೂತ, ಎರಡೂ ರೆಕ್ಕೆ ಬಿಚ್ಚಿಕೊಂಡು.